ಜೋಗ ನೋಡಿದವರು ರಾತ್ರಿ ಉಳಿಯಬೇಕು

ಸಾಗರದ ಓದುಗರೊಬ್ಬರು ಬರೆದಿದ್ದಾರೆ: “ಉಡುಪಿಗೆ ಹೋದ ಪ್ರವಾಸಿಗರಿಂದ ಅಲ್ಲಿನ ಆಟೋದವರು, ಹೋಟೆಲಿನವರು ಎಲ್ಲರೂ ನಾಲ್ಕು ಕಾಸು ನೋಡುತ್ತಾರೆ. ಜೋಗಕ್ಕೂ ಜನ ಬರುತ್ತಾರೆ, ನಮಗೆ ಉಳಿಯುವುದು ಕಸ ಮಾತ್ರ. ಯಾಕೆ?”

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಾರಣ ಇರುವುದು ರಾತ್ರಿಯ ಲೆಕ್ಕದಲ್ಲಿ.

ಉಡುಪಿಗೆ ಹೋದವರು ಬೆಳಿಗ್ಗೆ ಕೃಷ್ಣಮಠ ನೋಡುತ್ತಾರೆ. ಆಮೇಲೆ ಮಲ್ಪೆ, ಅಲ್ಲಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪ. ಅಷ್ಟರಲ್ಲಿ ಸಂಜೆ ಆಗಿರುತ್ತದೆ, ರೂಮು ಹಿಡಿಯಲೇಬೇಕು. ಒಂದು ರಾತ್ರಿ ಉಳಿದರೆ ಊಟ, ತಿಂಡಿ, ಆಟೋ, ಅಂಗಡಿ ಎಲ್ಲಕ್ಕೂ ಖರ್ಚು. ಲಾಡ್ಜಿನ ಬಟ್ಟೆ ಒಗೆಯುವವರಿಗೆ, ಹೋಟೆಲಿಗೆ ಹಾಲು ಹಾಕುವವರಿಗೆ, ಮೀನು ಮಾರುವ ಹೆಂಗಸರಿಗೆ ಅದೇ ದುಡ್ಡು ಹೋಗುತ್ತದೆ. ಜೋಗಕ್ಕೆ ಬಂದವರು 830 ಅಡಿಯ ಜಲಪಾತದ ಮುಂದೆ ಫೋಟೊ ತೆಗೆದುಕೊಂಡು, ಚುರುಮುರಿ ತಿಂದು, ಸಂಜೆಯೊಳಗೆ ಘಟ್ಟ ಇಳಿದುಬಿಡುತ್ತಾರೆ. ಎಷ್ಟು ಜನ ಬಂದರು ಅಂತ ಸುಮ್ನೆ ಎಣಿಸಿ ಏನು ಪ್ರಯೋಜನ?

ಕರಾವಳಿಗೂ ಒಂದು ಕಷ್ಟವಿದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ, ದ್ವೀಪದ ಬೋಟುಗಳೂ ನಿಲ್ಲುತ್ತವೆ. ಜೋಗ ಮೈದುಂಬುವುದು ಆಗಲೇ. ಅವರ ಖಾಲಿ ತಿಂಗಳುಗಳೇ ನಮ್ಮ ಸುಗ್ಗಿ. ಆದರೆ ನಮ್ಮ ಮಳೆ ನಿಮಗೆ ಗೊತ್ತಲ್ವಾ, ದಿನವಿಡೀ ಹೊರಗೆ ಓಡಾಡಲು ಬಿಡುವುದಿಲ್ಲ. ಹಾಗಾಗಿ ಸೂರಿನ ಕೆಳಗೆ ಕೂತು ನೋಡುವಂಥದ್ದು ಬೇಕು. ಅದಕ್ಕೇನೂ ಕೊರತೆಯಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವಿದೆ, ಹೆಗ್ಗೋಡಿನಲ್ಲಿ ನಾಟಕವಿದೆ. ಗುಡಿಗಾರರು ಗಂಧದ ಮರ ಕೆತ್ತುವುದನ್ನು, ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲಿನ ಹಸೆ ಚಿತ್ತಾರ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದವರು ಬರಿಗೈಲಿ ಹೋಗುವುದು ಕಡಿಮೆ. ಇವನ್ನೆಲ್ಲ ಜೋಗದ ಜೊತೆ ಸೇರಿಸಿ ಹೇಳುವ ಒಂದು ಬೋರ್ಡು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಕಾಣಬೇಕು.

ರಸ್ತೆ ಒಳ್ಳೆಯದಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ತುಮರಿ ಕಡೆಯ ಜನ ಹಿನ್ನೀರು ದಾಟಲು ಲಾಂಚಿಗೆ ಕಾದು ಕಾದು ಸೋತಿದ್ದರು. ಅವರಿಗೆ ಅದು ಬೇಕೇ ಬೇಕಿತ್ತು. ಆದರೆ ಬೇಗ ಬರುವ ಪ್ರವಾಸಿಗರು ಅಷ್ಟೇ ಬೇಗ ಕೊಲ್ಲೂರಿನ ಕಡೆ ದಾಟಿಯೂ ಹೋಗಬಹುದು.

ಮಗಳು ಹೋಂಸ್ಟೇ ಮಾಡುತ್ತೇನೆ ಅನ್ನುತ್ತಿದ್ದಾಳೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಖಂಡಿತ ಮಾಡಲಿ. ಪ್ರವಾಸೋದ್ಯಮ ಇಲಾಖೆಯಲ್ಲಿ ಮೊದಲೇ ನೋಂದಣಿ ಮಾಡಿಸಿ. ಸಾಲ ಮಾಡಿ ಹೊಸ ಕೋಣೆ ಕಟ್ಟಿಸಬೇಡಿ, ಇರುವ ಕೋಣೆಗಳಲ್ಲೇ ಶುರುವಾಗಲಿ. ಅಕ್ಕಿ, ಹಾಲು, ಅಪ್ಪೆಮಿಡಿ ಉಪ್ಪಿನಕಾಯಿ ಅಕ್ಕಪಕ್ಕದ ಮನೆಗಳಿಂದಲೇ ಕೊಂಡುಕೊಳ್ಳಲಿ.