ಬೀಗ ಮುಟ್ಟಬೇಡಿ, ಮೊದಲು ನೋಟಿಸ್ ಕೊಡಿ

ದಾವಣಗೆರೆಯಿಂದ ಬರೆದಿರುವ ನಿವೃತ್ತ ಶಿಕ್ಷಕಿಯವರಿಗೆ,

ನಿಮ್ಮ ಪತ್ರದ ಸಾರವನ್ನು ಬೇರೆ ಓದುಗರಿಗಾಗಿ ಇಲ್ಲಿ ಕೊಡುತ್ತೇವೆ. ಬೆಂಗಳೂರಿನ ವಿಜಯನಗರದಲ್ಲಿರುವ ನಿಮ್ಮ ಮನೆಯ ಮೊದಲ ಮಹಡಿ ಬಾಡಿಗೆಗಿದೆ. ತಿಂಗಳಿಗೆ 18,000 ರೂಪಾಯಿ, ಅಡ್ವಾನ್ಸ್ 1 ಲಕ್ಷ. 11 ತಿಂಗಳ ಕರಾರು ಮುಗಿದು ವರ್ಷ ದಾಟಿದ್ದರೂ ಹೊಸದು ಬರೆಸಿಲ್ಲ. ಐದು ತಿಂಗಳಿಂದ ಬಾಡಿಗೆ ಬಂದಿಲ್ಲ, ಕೇಳಿದರೆ 'ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ' ಎನ್ನುತ್ತಾರೆ. ಕರೆಂಟು ತೆಗೆಸಿ, ಅವರು ಊರಿಗೆ ಹೋದಾಗ ಬೀಗ ಜಡಿದುಬಿಡಿ ಎಂದು ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಬೇಡ. ಮನೆ ನಿಮ್ಮದೇ, ಆದರೆ ಸ್ವಾಧೀನ ಅವರದು. ಕಾನೂನು ಕ್ರಮವಿಲ್ಲದೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಅವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಎಂಬುದು ಮುಖ್ಯವಾಗುವುದೇ ಇಲ್ಲ. ಬೀರುವಿನಲ್ಲಿದ್ದ ಒಡವೆ ಹೋಯಿತು ಎಂಬ ದೂರೂ ಜೊತೆಗೆ ಬಂದರೆ, ಬಾಡಿಗೆ ಕೇಳಬೇಕಾದ ನೀವು ಠಾಣೆಯಲ್ಲಿ ಉತ್ತರ ಕೊಡುತ್ತಾ ನಿಲ್ಲಬೇಕಾಗುತ್ತದೆ. ಕರೆಂಟು, ನೀರು ನಿಲ್ಲಿಸಿದರೂ ಅವರಿಗೆ ತಡೆಯಾಜ್ಞೆ ತರಲು ನೀವೇ ಕಾರಣ ಒದಗಿಸಿದಂತೆ.

ಬಾಡಿಗೆದಾರರನ್ನು ಬಿಡಿಸುವುದು ಅಸಾಧ್ಯ ಎಂಬ ಭಯ ಹಳೆಯ ಕಾಲದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ನಿಮ್ಮ ಮನೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತದೆ. ಇದರಿಂದ ನಿಮಗೆ ದೊಡ್ಡ ಅನುಕೂಲವಿದೆ. ಮನೆ ಸ್ವಂತಕ್ಕೆ ಬೇಕು ಎಂದೋ, ಮಗನ ಮದುವೆ ಎಂದೋ ಕಾರಣ ಸಾಬೀತು ಮಾಡಬೇಕಾಗಿಲ್ಲ. ಅವರು ನಿಮ್ಮ ಬಾಡಿಗೆದಾರರು, ಬಾಡಿಗೆ ಇಷ್ಟು, ಬಾಡಿಗೆ ಸಂಬಂಧವನ್ನು ಸರಿಯಾಗಿ ಕೊನೆಗೊಳಿಸಿದ್ದೀರಿ: ಈ ಮೂರನ್ನು ತೋರಿಸಿದರೆ ಸಾಕು. ಮೊದಲೆರಡಕ್ಕೆ ಕರಾರಿನ ಮೂಲ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಇವೆ. ಛಾಪಾ ಕಾಗದದ ಮೌಲ್ಯ ಕಡಿಮೆಯಿದ್ದರೆ ಕೊರತೆ ಶುಲ್ಕದ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು. ಅದನ್ನು ವಕೀಲರಿಗೆ ಈಗಲೇ ತೋರಿಸಿ.

ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ, ಅಂದರೆ ನೋಟಿಸ್‌ನಲ್ಲಿ. ಕರಾರು ಮುಗಿದ ಮೇಲೂ ನೀವು ತಿಂಗಳುಗಟ್ಟಲೆ ಬಾಡಿಗೆ ಪಡೆದಿದ್ದೀರಿ. ಹಾಗಾಗಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿದೆ. ಅದನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಬೇಕು. ಅವರಿಗೆ ತಲುಪಿದ ದಿನದಿಂದ ಲೆಕ್ಕ. ಕರಾರಿನಲ್ಲಿ ಒಂದೋ ಎರಡೋ ತಿಂಗಳ ನೋಟಿಸ್ ಎಂದು ಬರೆದಿದ್ದರೆ ಅಷ್ಟನ್ನೇ ಕೊಡಿ. ಮನೆಯ ವಿವರ, ಬಾಡಿಗೆ ದರ, ಯಾವ ತಿಂಗಳಿಂದ ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿರಲಿ. ಇಷ್ಟಕ್ಕೇ ನಿಲ್ಲಿಸಿ 'ಬಾಕಿ ಕಟ್ಟಿ' ಎಂದು ಮಾತ್ರ ಕೇಳಿದರೆ ಬಾಡಿಗೆ ಕೊನೆಗೊಳ್ಳುವುದಿಲ್ಲ. 'ನಿಮ್ಮ ಬಾಡಿಗೆಯನ್ನು ಕೊನೆಗೊಳಿಸಿದ್ದೇನೆ, ಅವಧಿ ಮುಗಿದೊಡನೆ ಖಾಲಿ ಮಾಡಿ ಸ್ವಾಧೀನ ಕೊಡಿ, ತಡವಾದರೆ ಅಂದಿನಿಂದ ನಷ್ಟ ಪರಿಹಾರ ಕೊಡಬೇಕು' ಎಂಬುದು ಸ್ಪಷ್ಟವಾಗಿರಲೇಬೇಕು. ವಾಟ್ಸಾಪ್ ಸಂದೇಶವನ್ನೇ ನಂಬಿ ಕೂರಬೇಡಿ.

ನೋಟಿಸನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ, ಬಾಡಿಗೆ ಮನೆಯ ವಿಳಾಸಕ್ಕೇ ಕಳಿಸಿ. ರಸೀದಿ, ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪುಟದ ಪ್ರತಿ ಎರಡೂ ನಿಮ್ಮ ಬಳಿ ಇರಲಿ. ಅವರು ತೆಗೆದುಕೊಳ್ಳದೆ ಲಕೋಟೆ ವಾಪಸು ಬಂದರೆ ಗಾಬರಿಯಾಗಬೇಡಿ. ಮೇಲೆ ಅಂಚೆಯವರು 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ' ಎಂದು ಷರಾ ಬರೆದಿರುತ್ತಾರೆ. ಆ ಲಕೋಟೆಯನ್ನು ಒಡೆಯದೆ ಹಾಗೆಯೇ ಎತ್ತಿಡಿ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸನ್ನು ನಿರಾಕರಿಸಿದರೆ ಅದು ತಲುಪಿದಂತೆಯೇ ಎಂದು ಕೋರ್ಟು ಭಾವಿಸುತ್ತದೆ, ಮತ್ತು ಅಂಟು ಬಿಚ್ಚದ ಲಕೋಟೆಯೇ ಅದಕ್ಕೆ ಸಾಕ್ಷಿ. ಬಿಚ್ಚಿಬಿಟ್ಟರೆ ಒಳಗೆ ಬೇರೇನೋ ಇತ್ತು ಎಂದು ವಾದಿಸಲು ಎದುರಿನವರಿಗೆ ದಾರಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ನೋಟಿಸ್ ಅವಧಿ ಮುಗಿದ ಮೇಲಿನ ದಿನಗಳಿಗೆ 'ಬಾಡಿಗೆ' ಎಂದು ಹಣ ಪಡೆದರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟಂತೆ ಎಂದು ವಾದ ಬರುತ್ತದೆ. ಅದೇ ಕಾಯ್ದೆಯ 113ನೇ ಕಲಮು ಅದಕ್ಕೆ ಎಡೆಕೊಡುತ್ತದೆ. ಈಗ ಫೋನಿನಲ್ಲೇ ಹಣ ಬಂದು ಖಾತೆಗೆ ಬೀಳುವುದರಿಂದ ತಡೆಯಲಾಗದು. ಬಂದ ದಿನವೇ 'ಹಳೆಯ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ, ನೋಟಿಸ್ ಹಿಂಪಡೆದಿಲ್ಲ' ಎಂದು ಬರೆದು ಕಳಿಸಿ.

ಅಡ್ವಾನ್ಸ್ ಲೆಕ್ಕಕ್ಕೆ ಬನ್ನಿ. ಐದು ತಿಂಗಳ ಬಾಕಿ 90,000. ಮುರಿದುಕೊಂಡರೆ ಕೈಯಲ್ಲಿ ಉಳಿಯುವುದು 10,000, ಮುಂದಿನ ತಿಂಗಳಿಗೇ 8,000 ಕೊರತೆ. ಸುಣ್ಣಬಣ್ಣ, ಒಡೆದ ಸಿಂಕು, ಬಾಕಿ ಬಿಲ್ಲಿಗೆ ಬಿಡಿಗಾಸೂ ಇರುವುದಿಲ್ಲ. ಆದ್ದರಿಂದ ಅಡ್ವಾನ್ಸನ್ನು ಮನೆ ಖಾಲಿ ಮಾಡುವಾಗ ಮಾತ್ರ ಲೆಕ್ಕ ಹಾಕಲಾಗುವುದು ಎಂದು ನೋಟಿಸ್‌ನಲ್ಲೇ ಬರೆಸಿ. ಐದು ತಿಂಗಳು ಕಾದದ್ದೇ ಹೆಚ್ಚಾಯಿತು.

ಅವಧಿ ಮುಗಿದರೂ ಕದಲದಿದ್ದರೆ ದಾವೆ. ಬೆಂಗಳೂರಿನಲ್ಲಿ ಇಂಥವು ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಸ್ವಾಧೀನ ಕೇಳಲು ಕೋರ್ಟ್ ಶುಲ್ಕವನ್ನು ಮನೆಯ ಬೆಲೆಯ ಮೇಲೆ ಹಾಕುವುದಿಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ ಹಾಕುತ್ತಾರೆ. ನಿಮ್ಮ ಲೆಕ್ಕದಲ್ಲಿ ಆ ವರ್ಷದ ಬಾಡಿಗೆ 2,16,000. ಬಾಕಿಯನ್ನೂ ನಂತರದ ನಷ್ಟವನ್ನೂ ಜೊತೆಗೇ ಕೇಳಿ. ಬಾಕಿ ಬಾಡಿಗೆ ಕೇಳಲು ಇರುವ ಕಾಲಮಿತಿ ಮೂರು ವರ್ಷ. ಡಿಕ್ರಿಯಾದ ಮೇಲೂ, ಅಂದರೆ ಕೋರ್ಟು ನಿಮ್ಮ ಪರ ಆದೇಶ ಕೊಟ್ಟ ಮೇಲೂ, ಬಿಡದಿದ್ದರೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಆಗ ಕೋರ್ಟಿನ ಅಮೀನರು ಬಂದು ಬೀಗ ಒಡೆಸಿ ಸ್ವಾಧೀನ ಕೊಡಿಸುತ್ತಾರೆ.

ಇದಕ್ಕೆಲ್ಲ ವರ್ಷಗಳೇ ಹಿಡಿಯಬಹುದು. ಆದ್ದರಿಂದ ಅವರು ರಾಜಿಗೆ ಬಂದರೆ ಎರಡು ತಿಂಗಳ ಬಾಕಿ ಬಿಟ್ಟಾದರೂ ಒಪ್ಪಿಕೊಳ್ಳಿ ಎಂಬುದು ನಮ್ಮ ಸಲಹೆ. ಆದರೆ ರಾಜಿ ಕೋರ್ಟಿನಲ್ಲೋ ಲೋಕ ಅದಾಲತ್‌ನಲ್ಲೋ ಆಗಲಿ. ಛಾಪಾ ಕಾಗದದಲ್ಲಿ ಬರೆದುಕೊಟ್ಟ ಮಾತು ತಪ್ಪಿದರೆ ಅದಕ್ಕೊಂದು ಹೊಸ ದಾವೆ ಬೇಕು. ಅದಾಲತ್‌ನಲ್ಲಿ ಆದದ್ದು ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ, ತಪ್ಪಿದರೆ ನೇರ ಅಮಲ್ಜಾರಿ. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು ಬರುತ್ತದೆ.

ಖಾಲಿ ಮಾಡುವ ದಿನ ನೀವೋ ನಿಮ್ಮ ಮಗನೋ ಅಲ್ಲಿರಲೇಬೇಕು. ಬೀಗದ ಕೈ ಕೈಗೆ ಬರುವ ಮುಂಚೆ ಉಳಿದ ಅಡ್ವಾನ್ಸ್ ಕೊಡಬೇಡಿ. ಒಂದು ಹಾಳೆಯಲ್ಲಿ ದಿನಾಂಕ, ಕೊಟ್ಟ ಕೀಲಿಗಳ ಸಂಖ್ಯೆ, ಬೆಸ್ಕಾಂ ಮೀಟರಿನ ರೀಡಿಂಗ್, ಮುರಿದುಕೊಂಡ ಪ್ರತಿ ಮೊತ್ತ ಬರೆದು, 'ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ' ಎಂದು ಇಬ್ಬರೂ ಸಹಿ ಹಾಕಿ. ಗೃಹಜ್ಯೋತಿಗೆ ಅವರು ನಿಮ್ಮ ಆರ್‌ಆರ್ ನಂಬರಿಗೆ ತಮ್ಮ ಆಧಾರ್ ಜೋಡಿಸಿದ್ದರೆ ಅಲ್ಲೇ ನಿಂತು ತೆಗೆಸಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಡಕು.