ಕೊನೆ ಗಳಿಗೆಯಲ್ಲಿ ನಂಬಿದವರಿಗೂ ಅದೇ ಸ್ವರ್ಗವಾ?

ನಿಮ್ಮ ಅಜ್ಜಿ ಜೀವನಪೂರ್ತಿ ಬಡವರ ಸೇವೆ ಮಾಡಿದರು, ಸಾಯುವ ಮುನ್ನ ದೇವರ ಕಡೆ ತಿರುಗಿದವರಿಗೂ ಅದೇ ಸ್ವರ್ಗವಾದರೆ ಅದು ನ್ಯಾಯವಾ ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ ಇದು.

ಬೈಬಲಿನ ಮತ್ತಾಯ 20ನೇ ಅಧ್ಯಾಯದಲ್ಲಿ ಯೇಸು ಒಂದು ಕಥೆ ಹೇಳಿ ಇದನ್ನೇ ಎತ್ತುತ್ತಾನೆ. ದ್ರಾಕ್ಷಿ ತೋಟಕ್ಕೆ ಬೆಳಗ್ಗೆಯೇ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ. ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಯಜಮಾನ ಅವರಿಗೆ ಮೋಸ ಮಾಡಿಲ್ಲ, ಮಾತಾಡಿದ್ದಷ್ಟು ಕೊಟ್ಟಿದ್ದಾನೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಾ ಕೊನೆ ಗಳಿಗೆಯಲ್ಲಿ ನಂಬಿದ ಕಳ್ಳನಿಗೂ ಸ್ವರ್ಗ ಹೀಗೇ ಸಿಕ್ಕಿತು. ಸ್ವರ್ಗ ಸಂಬಳವಲ್ಲ, ಕೃಪೆ.

ಹಾಗಂತ ಅಜ್ಜಿಯ ಸೇವೆ ಸುಮ್ನೆ ಹೋಗುವುದಿಲ್ಲ. ಬೈಬಲಿನಲ್ಲಿರುವ ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಯೇಸುವಿನ ಪ್ರೇಷಿತ ಪೌಲನು ಪ್ರತಿಯೊಬ್ಬರ ಕೆಲಸವನ್ನೂ ಬೆಂಕಿ ಪರೀಕ್ಷಿಸುತ್ತದೆ ಅನ್ನುತ್ತಾನೆ. ಹುಲ್ಲಿನಂಥ ಕೆಲಸ ಸುಟ್ಟುಹೋಗುತ್ತದೆ, ಉಳಿದದ್ದಕ್ಕೆ ಪ್ರತಿಫಲ ಉಂಟು. 1439ರಲ್ಲಿ ಫ್ಲಾರೆನ್ಸಿನಲ್ಲಿ ಸೇರಿದ ಧರ್ಮಗುರುಗಳ ಮಹಾಸಭೆಯಲ್ಲಿ ಕಥೋಲಿಕ ಚರ್ಚ್ ಕೂಡ ಸ್ವರ್ಗದಲ್ಲಿ ದೇವರನ್ನು ಕೆಲವರು ಇತರರಿಗಿಂತ ಜಾಸ್ತಿ ಪೂರ್ಣವಾಗಿ ಕಾಣುತ್ತಾರೆ ಎಂದು ಹೇಳಿತು.

ಹಾಗಾದರೆ ಕಡಿಮೆ ಸಿಕ್ಕವರಿಗೆ ಬೇಜಾರಾಗಲ್ವಾ? ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾ ಚಿಕ್ಕವಳಿದ್ದಾಗ ಅಕ್ಕನನ್ನು ಇದನ್ನೇ ಕೇಳಿದ್ದಳು. ಅಕ್ಕ ಪಾಲೀನ್ ಅಪ್ಪನ ದೊಡ್ಡ ಲೋಟ ತರಿಸಿದಳು. ಪಕ್ಕದಲ್ಲಿ ಹೊಲಿಯುವಾಗ ಬೆರಳಿಗೆ ಹಾಕುವ ಪುಟ್ಟ ಟೊಪ್ಪಿಗೆ. ಎರಡಕ್ಕೂ ನೀರು ತುಂಬಿಸಿ, ಯಾವುದು ಜಾಸ್ತಿ ತುಂಬಿದೆ ಅಂತ ಕೇಳಿದಳು. ಎರಡೂ ಅಂಚಿನ ತನಕ ತುಂಬಿದ್ದವು!

ನನಗಂತೂ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ. ಅಷ್ಟು ವರ್ಷ ಕೊಟ್ಟು ಕೊಟ್ಟು ನಿಮ್ಮ ಅಜ್ಜಿಯ ಲೋಟ ದೊಡ್ಡದಾಗಿದೆ ಅಂತಲೇ ನಾನು ನಂಬುತ್ತೇನೆ.