ಗೇಟಿನ ಗುಳ್ಳೆಯ ಕೆಳಗೆ ಏನಿದೆ?

ಪ್ರಶ್ನೆ: ನಮ್ಮ ಮನೆಯ ಕಬ್ಬಿಣದ ಗೇಟು ಮಾವನವರ ಕಾಲದ್ದು. ಹೋದ ದೀಪಾವಳಿಗೆ ಹಳೆಯ ಬಣ್ಣ ಕೆರೆಸಿ, ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಜಂಗು ತೆಗೆಸಿ, ರೆಡ್ ಆಕ್ಸೈಡ್ ಮೇಲೆ ಹಸಿರು ಎನಾಮೆಲ್ ಹೊಡೆಸಿದೆವು. ಈ ಮಳೆಗಾಲ ಮುಗಿಯುವುದರೊಳಗೆ ಕೆಳಗಿನ ಪಟ್ಟಿಯುದ್ದಕ್ಕೂ ಗುಳ್ಳೆಗಳು ಎದ್ದಿವೆ. ಬಣ್ಣ ಕಳಪೆಯೇ?
— ಓದುಗರೊಬ್ಬರು, ಆಳಂದ

ಉತ್ತರ: ಬಣ್ಣವನ್ನು ಬೈಯುವ ಮೊದಲು ಒಂದು ಗುಳ್ಳೆಯನ್ನು ಉಗುರಿನಿಂದ ಒಡೆದು ನೋಡಿ, ತಾಯಿ. ಹಸಿರು ಸಿಪ್ಪೆಯ ಹಿಂಬದಿಗೆ ರೆಡ್ ಆಕ್ಸೈಡ್ ಅಂಟಿಕೊಂಡೇ ಬಂದು, ಅದರ ಕೆಳಗೆ ಒದ್ದೆಯಾದ ಕಂದು ಪುಡಿ ಕಂಡರೆ ತಪ್ಪು ಬಣ್ಣದ್ದಲ್ಲ. ಪ್ರೈಮರು, ಅಂದರೆ ತಳಕ್ಕೆ ಹೊಡೆದ ಆ ರೆಡ್ ಆಕ್ಸೈಡ್, ಬಣ್ಣವನ್ನು ಹಿಡಿದುಕೊಂಡಿದೆ, ಕಬ್ಬಿಣವನ್ನು ಬಿಟ್ಟಿದೆ. ನನ್ನ ಅನುಮಾನವೆಲ್ಲ ಆ ಆ್ಯಸಿಡ್ ಮೇಲೆ.

ಬಚ್ಚಲಿನ ಆ್ಯಸಿಡ್ ಎಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣೆದುರೇ ಜಂಗನ್ನು ಕರಗಿಸುತ್ತದೆ, ಅದಕ್ಕೇ ಎಲ್ಲರೂ ಅದಕ್ಕೆ ಕೈ ಹಾಕುತ್ತಾರೆ. ಆದರೆ ಕಬ್ಬಿಣದ ಸಣ್ಣ ಕುಳಿಗಳಲ್ಲಿ, ವೆಲ್ಡಿಂಗ್ ಸಂದಿಗಳಲ್ಲಿ ಕ್ಲೋರೈಡ್ ಉಳಿದುಬಿಡುತ್ತದೆ. ಅದು ಉಪ್ಪಿನ ಜಾತಿಯದು. ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎನಾಮೆಲ್ ಎಷ್ಟು ಹೊಳೆದರೂ ನೀರಿನ ಆವಿಯನ್ನು ಪೂರ್ತಿ ತಡೆಯಲಾರದು. ಒಳಗೆ ಹುಟ್ಟಿದ ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಬಣ್ಣವನ್ನು ಮೇಲಕ್ಕೆ ನೂಕುತ್ತದೆ. ನೀವು ನೋಡುತ್ತಿರುವ ಗುಳ್ಳೆ ಅದೇ.

ಕಲಬುರಗಿಯಲ್ಲಿ ಬಣ್ಣದ ಕೆಲಸ ಹಿಡಿದ ಎರಡನೆಯ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಮನೆಯ ಎಂಟು ಕಿಟಕಿಗಳ ಸರಳುಗಳನ್ನು ಆ್ಯಸಿಡ್‌ನಲ್ಲಿ ಉಜ್ಜಿ ಬೆಳ್ಳಿಯ ಹಾಗೆ ಮಾಡಿ ಬಣ್ಣ ಹೊಡೆದುಕೊಟ್ಟೆ. ಮುಂದಿನ ಶ್ರಾವಣದ ಹೊತ್ತಿಗೆ ಪ್ರತಿ ಸರಳಿನ ಬುಡದಿಂದ ಒಂದೊಂದು ಕಂದು ಗೆರೆ ಇಳಿದು, ಕೆಳಗಿನ ಶಹಾಬಾದ್ ಕಲ್ಲಿನೊಳಗೆ ಇಂಗಿತ್ತು. ಸರಳುಗಳನ್ನು ನನ್ನ ಖರ್ಚಿನಲ್ಲೇ ಮತ್ತೆ ಮಾಡಿದೆ. ಕಲ್ಲಿನ ಕಲೆ ಮಾತ್ರ ಹೋಗಲಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಕಲೆಗೆಂದು ಆಮ್ಲ ಸುರಿದರೆ ಕಲ್ಲೇ ಸವೆಯುತ್ತದೆ. ಆ ಮನೆಯ ಮುಂದೆ ಹೋಗುವಾಗ ಇಂದಿಗೂ ನನ್ನ ಕಣ್ಣು ಆ ಎಂಟು ಕಿಟಕಿಗಳ ಕೆಳಗೇ ಹೋಗುತ್ತದೆ.

ಈಗ ನಿಮ್ಮ ಗೇಟು. ಅದು ಮಾವನವರ ಕಾಲದ್ದಾದ್ದರಿಂದ ಮೂಲೆಗಳಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿರಬಹುದು, ಅದರಲ್ಲಿ ಸೀಸವಿರುವ ಸಾಧ್ಯತೆ ಇದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದ್ದರಿಂದ ಗ್ರೈಂಡರ್ ಹಚ್ಚಿ ಒಣ ಧೂಳು ಎಬ್ಬಿಸಬೇಡಿ. ನೀರು ಹಚ್ಚಿ ಕೆರೆಸಿ, ಕೆಲಸದವನ ಮೂಗಿಗೆ ಮಾಸ್ಕ್ ಇರಲಿ, ಮಕ್ಕಳನ್ನು ದೂರ ಇಡಿ, ಕೆರೆದ ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ಎತ್ತಿಡಿ.

ಗುಳ್ಳೆ ಎದ್ದ ಜಾಗವನ್ನಷ್ಟೇ ಅಲ್ಲ, ಅದರ ಸುತ್ತ ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆಯವರೆಗೂ ಕೆರೆಯಬೇಕು. ಆಮೇಲೆ ತಂತಿ ಬ್ರಷ್, ಅದರ ಹಿಂದೆ 80ನೇ ನಂಬರಿನ ಎಮರಿ ಪೇಪರ್. ಬಳಿಕ ಕ್ಲೋರೈಡ್ ಹೋಗುವಂತೆ ಮೂರು ನಾಲ್ಕು ಸಲ ನೀರಿನಿಂದ ಉಜ್ಜಿ ತೊಳೆಯಿರಿ. ನಿಮ್ಮ ಬೋರಿನ ನೀರು ಸವಳಾಗಿದ್ದರೆ ಕೊನೆಯ ಎರಡು ಸಲ ಕುಡಿಯುವ ನೀರನ್ನೇ ಬಳಸಿ. ಉಪ್ಪನ್ನು ಉಪ್ಪುನೀರಿನಿಂದ ತೊಳೆದರೆ ಏನು ಬಂತು? ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಬಿಡಿ. ಅಷ್ಟರಲ್ಲೇ ಅರಿಶಿನ ಸವರಿದಂತೆ ತೆಳ್ಳನೆಯ ಹೊಸ ಜಂಗು ಮೂಡಬಹುದು, ಹೆದರಬೇಡಿ, 120ನೇ ನಂಬರಿನ ಪೇಪರ್ ಆಡಿಸಿದರೆ ಹೋಗುತ್ತದೆ. ಕುಳಿಗಳ ತಳದಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಇದೂ ಆಮ್ಲವೇ, ಆದರೆ ಜಂಗನ್ನು ಗಟ್ಟಿ ಫಾಸ್ಫೇಟ್ ಪದರವಾಗಿ ಬದಲಿಸುತ್ತದೆ. ಉದುರುವ ಜಂಗಿನ ಮೇಲೆ ಸುರಿದರೆ ಮೇಲ್ಪದರ ಮಾತ್ರ ಬದಲಾಗುತ್ತದೆ, ಕೆರೆಯುವ ಶ್ರಮ ತಪ್ಪುವುದಿಲ್ಲ.

ಕೊನೆಗೆ ಬಿಳಿ ಬಟ್ಟೆಯನ್ನು ತಿನ್ನರ್‌ನಲ್ಲಿ ಅದ್ದಿ ಒರೆಸಿ. ಬಟ್ಟೆ ಕೊಳೆಯಾಗದಿದ್ದರೆ ಅದೇ ದಿನ ಪ್ರೈಮರ್ ಹೊಡೆಯಿರಿ, ನಾಳೆಗೆ ಇಡಬೇಡಿ. ಸೀಮೆಎಣ್ಣೆಯಿಂದ ಒರೆಸುವುದು ಬೇಡ, ಜಿಡ್ಡು ಉಳಿಯುತ್ತದೆ. ರೆಡ್ ಆಕ್ಸೈಡ್ ಜಂಗನ್ನು ಕೊಲ್ಲುತ್ತದೆ ಎಂದು ನಮ್ಮ ಕಡೆ ಬಲವಾದ ನಂಬಿಕೆ ಇದೆ. ಅದರ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ. ಅದು ಮುಚ್ಚುತ್ತದೆ, ಕೊಲ್ಲುವುದಿಲ್ಲ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಜಿಂಕ್ ಫಾಸ್ಫೇಟ್ ಪ್ರೈಮರ್ ತನ್ನಿ. ಮೊದಲು ಅಂಚು, ಮೂಲೆ, ವೆಲ್ಡಿಂಗ್ ಜಾಗಗಳಿಗೆ ಬ್ರಷ್ಷಿನಿಂದ ಒಂದು ಕೈ, ನಂತರ ಇಡೀ ಗೇಟಿಗೆ ತೆಳುವಾಗಿ ಎರಡು ಕೈ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಸರಿಯುತ್ತದೆ, ಜಂಗು ಅಲ್ಲಿಂದಲೇ ಶುರುವಾಗುತ್ತದೆ.

ಹೊತ್ತನ್ನೂ ನೋಡಿಕೊಳ್ಳಿ. ಚಳಿಗಾಲದ ಬೆಳಗ್ಗೆ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಮಂಜು ಕೂತಿರುತ್ತದೆ, ಹತ್ತು ಗಂಟೆಯವರೆಗೆ ಕಾಯಿರಿ. ನಮ್ಮ ಮೇ ತಿಂಗಳ ನಡುಹಗಲಿನಲ್ಲಂತೂ ಬ್ರಷ್ ಎಳೆಯುವಷ್ಟರಲ್ಲೇ ಬಣ್ಣ ಬಿಗಿದುಕೊಳ್ಳುತ್ತದೆ.

ಪ್ರಶ್ನೆ: ಹೊಸ ಕಬ್ಬಿಣದ ಮೇಲೆ ನೀಲಿ-ಕಪ್ಪು ಹೊಳಪಿದೆ, ಜಂಗೇ ಇಲ್ಲ. ನೇರವಾಗಿ ಪ್ರೈಮರ್ ಹೊಡೆಯಬಹುದೇ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬೇಡ, ಅಣ್ಣಾ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಉಕ್ಕನ್ನು ಎಳೆಯುವಾಗ ಕಟ್ಟಿದ ಹೊಪ್ಪಳೆ ಅದು, ಮಿಲ್ ಸ್ಕೇಲ್ ಎನ್ನುತ್ತಾರೆ. ಬಿಸಿಲು-ಚಳಿಗೆ ಬಿರುಕು ಬಿಟ್ಟು, ಬಣ್ಣವನ್ನೂ ಹೊತ್ತುಕೊಂಡೇ ಉದುರುತ್ತದೆ. ಗ್ರೈಂಡರ್‌ನಿಂದ ಬೂದು ಬಣ್ಣದ ಕಬ್ಬಿಣ ಕಾಣುವವರೆಗೆ ತೆಗೆಸಿ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಪ್ರಶ್ನೆ: ದನದ ಕೊಟ್ಟಿಗೆಯ ಬಿಳಿ ತಗಡಿಗೆ ಎನಾಮೆಲ್ ಹೊಡೆದರೆ ವರ್ಷದೊಳಗೆ ಹಾಳೆ ಹಾಳೆಯಾಗಿ ಏಳುತ್ತಿದೆ.
— ಓದುಗರೊಬ್ಬರು, ಬೀದರ್

ಉತ್ತರ: ತಗಡಿನ ಮೇಲಿರುವುದು ಸತುವಿನ ಲೇಪ. ಎನಾಮೆಲ್‌ನ ಎಣ್ಣೆಯ ಅಂಶ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ, ಹಿಡಿತ ಹೋಗುತ್ತದೆ. ಸತುವಿನ ಸ್ವಭಾವ ನಿಮ್ಮೂರಿನ ಬಿದ್ರಿ ಕೆಲಸದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ಹೂಜಿಯ ಮೈ ಬಹುಪಾಲು ಸತುವೇ. ಕೋಟೆಯ ಮಣ್ಣು, ನವಸಾಗರ ಸೇರಿಸಿ ಹಚ್ಚಿದಾಗ ಕಪ್ಪಾಗುವುದು ಆ ಮೈ, ಅದರಲ್ಲಿ ಕೂರಿಸಿದ ಬೆಳ್ಳಿಯಲ್ಲ. ನೀವು ಸಾಬೂನು ನೀರಿನಿಂದ ಜಿಡ್ಡು ತೆಗೆದು, ತಗಡಿಗೆಂದೇ ಬರುವ ಎಚ್ (etch) ಪ್ರೈಮರ್ ಹಚ್ಚಿ ಬಣ್ಣ ಹೊಡೆಯಿರಿ. ತಂತಿ ಬ್ರಷ್ ಹಾಕಿ ಸತುವನ್ನು ಕಿತ್ತುಹಾಕಬೇಡಿ. ಸತು ಸವೆದು ಜಂಗು ಇಣುಕಿದ ಜಾಗಗಳಿಗೆ ಮಾತ್ರ ಆಳಂದದ ತಾಯಿಗೆ ಹೇಳಿದ ಹಾಗೆ ಮಾಡಿ.